ಕೆಂಪು ಚೀಟಿ ಕಟ್ಟಿದ ಮನೆ

ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯ ಕುತ್ತಿಗೆಯಲ್ಲಿ ಒಂದು ಕೆಂಪು ಚೀಟಿ ನೇತಾಡುತ್ತದೆ. ಎಣ್ಣೆ ಕುಡಿದೂ ಕುಡಿದೂ ಅದರ ಬಣ್ಣ ಈಗ ಹಳೇ ಇಟ್ಟಿಗೆಯಂತಾಗಿದೆ. ಆದರೂ ಅಕ್ಷರ ಅಳಿಸಿಲ್ಲ. ವಸ್ತು: ಜಾಡಿ, ಒಂದು. ದೋಷ: ಬಾಯಿ ಮುಕ್ಕಾಗಿದೆ. ತೀರ್ಮಾನ: ತೆಗೆದುಹಾಕುವುದು. ಕೆಳಗೆ ದಿನಾಂಕ, ಅಪ್ಪನ ಸಹಿ. ಈ ತೀರ್ಮಾನವಾಗಿ ಮೂರು ವರ್ಷವಾಯಿತು. ಅಷ್ಟರಲ್ಲಿ ಜಾಡಿ ಹೊಸೂರಿನಿಂದ ಧಾರವಾಡದವರೆಗೆ ಲಾರಿಯಲ್ಲಿ ಅಮ್ಮನ ತೊಡೆಯ ಮೇಲೆ ಕೂತು ಪ್ರಯಾಣ ಮಾಡಿದೆ, ಎರಡು ಸಲ ಮಾವಿನಕಾಯಿಯನ್ನೂ ಒಂದು ಸಲ ನಿಂಬೆಕಾಯಿಯನ್ನೂ ಹೊಟ್ಟೆಗೆ ಹಾಕಿಕೊಂಡಿದೆ. ಚೀಟಿಯನ್ನಾದರೂ ಬಿಚ್ಚೋಣವೆಂದರೆ ಅಮ್ಮ ಬಿಡುವುದಿಲ್ಲ. "ಇರ್ಲಿ ಬುಡು, ಸಾಹೇಬ್ರ ಸಹಿ ಐತೆ" ಎನ್ನುತ್ತಾಳೆ.

ನಿನ್ನೆ ಊಟಕ್ಕೆ ಉಪ್ಪಿನಕಾಯಿ ತೆಗೆಯಲು ಹೋದಾಗ ಚೀಟಿ ಸೌಟಿಗೆ ಸಿಕ್ಕಿಕೊಂಡಿತು. ಬಿಡಿಸುತ್ತ ನಿಂತವಳಿಗೆ ಹೊಸೂರಿನ ಮೂಕಂಡಪಲ್ಲಿಯ ಮನೆ ನೆನಪಾಯಿತು. ಬಂಗಲೆಯೇನಲ್ಲ. ಒಂದು ಹಾಲು, ಎರಡು ಕೋಣೆ, ಅಡುಗೆಮನೆ, ಮುಂದೆ ತುಳಸಿ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಪ್ಪ ಕಟ್ಟಿಸಿದ ಮನೆ. ಅದನ್ನು ಮಾರಲು ನಾವು ಮೂವರು ಎರಡು ತಿಂಗಳು ಪಟ್ಟ ಪಾಡನ್ನು ನಾನು ಬರೆದಿಟ್ಟಿದ್ದೇನೆ. ಎಲ್ಲವನ್ನೂ ಬರೆದಿಡುತ್ತೇನೆ, ಅದೇ ನನ್ನ ಕಾಯಿಲೆ.

ಈ ಕಾಯಿಲೆ ಅಂಟಿಸಿದ್ದು ಅಪ್ಪನ ಕಾರ್ಖಾನೆ. ಪ್ರತಿ ಹೊಸವರ್ಷಕ್ಕೆ ಅಲ್ಲಿಂದ ಒಂದು ದಪ್ಪ ಡೈರಿ ಬರುತ್ತಿತ್ತು. ಅಪ್ಪನಿಗೆ ಅದು ಬೇಡ. ಅಪ್ಪ ಕ್ವಾಲಿಟಿ ಇನ್ಸ್‌ಪೆಕ್ಟರ್. ಕೆಲಸದ ಹೊತ್ತೆಲ್ಲ ಮಿಷನ್ನಿನ ಗೇರುಗಳನ್ನು ಅಳೆದು ಬರೆದು ಸಹಿ ಹಾಕುವವರಿಗೆ ಮನೆಗೆ ಬಂದ ಮೇಲೆ ಇನ್ನೊಂದು ಪುಸ್ತಕ ಯಾಕೆ? ಹೀಗಾಗಿ ಒಂಬತ್ತನೇ ತರಗತಿಯಿಂದ ಡೈರಿ ನನ್ನ ಪಾಲಿಗೆ ಬಂತು. ಮುಂದಿನ ಪುಟಗಳಲ್ಲಿ ದಿನಚರಿ, ಹಿಂದಿನ ಪುಟಗಳಲ್ಲಿ ಗೆರೆ ಎಳೆದು ಲೆಕ್ಕ. ಕರೆಂಟು ಹೋದದ್ದು ಎಷ್ಟು ಸಲ, ನೀರು ಬಂದದ್ದು ಎಷ್ಟು ದಿನ, ಎದುರುಮನೆಯ ಕೋಳಿ ನಮ್ಮ ತುಳಸಿಯ ಬುಡ ಕೆದರಿದ್ದು ಎಷ್ಟು ಸಲ. (ಒಂದು ವರ್ಷ ನಲವತ್ತೊಂದು ಸಲ. ಮಾರನೆಯ ವರ್ಷ ಆರು. ಕೋಳಿಗೆ ಬುದ್ಧಿ ಬಂತೆಂದು ತಿಳಿಯಬೇಡಿ, ಫೆಬ್ರವರಿಯಲ್ಲಿ ಆ ಮನೆಗೆ ಬೀಗರು ಬಂದಿದ್ದರು.)

ಡೈರಿ ಬರೆದದ್ದು ಕನ್ನಡದಲ್ಲಿ. ಶಾಲೆಯಲ್ಲಿ ತಮಿಳು, ಇಂಗ್ಲಿಷು, ಬೀದಿಯಲ್ಲಿ ತೆಲುಗು. ಕನ್ನಡ ಅಮ್ಮ ಅಡುಗೆಮನೆಯಲ್ಲಿ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ಕಲಿಸಿದ್ದು. ನಮ್ಮ ಬೀದಿಯಲ್ಲಿ ಕನ್ನಡ ಆಡುವವರಿಗೆ ಬರವಿರಲಿಲ್ಲ, ಓದುವವರು ಮಾತ್ರ ನಾವು ಮೂವರೇ. ಇವರಲ್ಲಿ ಅಪ್ಪನಿಗೆ ಪುರುಸೊತ್ತಿಲ್ಲ, ಅಮ್ಮನಿಗೆ ನನ್ನ ಮೇಲೆ ನಂಬಿಕೆ. ಹಾಗಾಗಿ ಡೈರಿಗೆ ಬೀಗದ ಖರ್ಚು ಉಳಿಯಿತೆಂದು ನಾನು ಹಿಗ್ಗಿದ್ದೆ.

೨೦೦೬ರ ಏಪ್ರಿಲ್ ಕೊನೆಗೆ ಅಪ್ಪ ಕೆಲಸ ಮಾಡುತ್ತಿದ್ದ ವಿಭಾಗವನ್ನೇ ಧಾರವಾಡಕ್ಕೆ ಸಾಗಿಸುತ್ತಾರೆಂದು ಸುದ್ದಿ ಬಂತು. ಜುಲೈ ಮೂರಕ್ಕೆ ಅಲ್ಲಿ ಹಾಜರಾಗಬೇಕು. ಕಂಪನಿ ಕೊಡುವುದು ಒಂಟಿ ಗಂಡಸರ ಹಾಸ್ಟೆಲಿನಲ್ಲಿ ಒಂದು ಮಂಚ. ಸಂಸಾರಕ್ಕೆ ಮನೆ ಬೇಕೆಂದರೆ ಇಲ್ಲಿಯದನ್ನು ಮಾರಿ ಅಲ್ಲಿ ಹಿಡಿಯಬೇಕು.

"ನಾನ್ ಮೊದ್ಲು ಹೋಗಿರ್ತೀನಿ. ನೀವಿಬ್ರೂ ಮನೆ ಮಾರ್ಕಂಡು ನಿಧಾನುಕ್ಕೆ ಬನ್ನಿ" ಎಂದರು ಅಪ್ಪ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಿಧಾನ ಅಂದ್ರೆ ಎಷ್ಟು ವರ್ಸ?"

"ವರ್ಸ ಯಾಕಾಯ್ತದೆ? ಆರ್ ತಿಂಗ್ಳು. ತಿಂಗ್ಳಿಗೊಂದ್ಸಲ ಬತ್ತಾ ಇರ್ತೀನಿ."

"ಮದ್ವೆ ಆದಾಗ್ಲೂ ಹಿಂಗೇ ಅಂದ್ರಿ. ಆರ್ ತಿಂಗ್ಳು ಅಂದಿದ್ದು ಮೂರ್ ವರ್ಸ ಆಯ್ತು."

ಮದುವೆಯಾದ ಹೊಸತರಲ್ಲಿ ಅಪ್ಪ ಹೊಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಇನ್ನೂ ಮೂವರೊಂದಿಗೆ ಒಂದು ರೂಮಿನಲ್ಲಿದ್ದರು. ಅಮ್ಮ ಶಿರಾ ಕಡೆಯ ಹಳ್ಳಿಯಲ್ಲಿ ಅತ್ತೆಯ ಜೊತೆ. ಶನಿವಾರ ರಾತ್ರಿ ಬಂದು ಇಳಿಯುವ ಗಂಡ, ಭಾನುವಾರ ಮಧ್ಯಾಹ್ನ ಮೂರಕ್ಕೆ ಬಸ್ಸು ಹತ್ತುವ ಗಂಡ. ಅದರಲ್ಲೂ ಅರ್ಧ ಹೊತ್ತು ನಿದ್ದೆ. ಅಮ್ಮ ಇದನ್ನು ಡೈರಿಯಲ್ಲೇನೂ ಬರೆದಿಟ್ಟಿಲ್ಲ. ಬರೆಯದೆಯೇ ನೆನಪಿಟ್ಟುಕೊಳ್ಳುವವರು ನನಗಿಂತ ಅಪಾಯ.

"ಮೂರ್ಜನ ಒಂದೇ ದಿನ ಹೋಗದಾದ್ರೆ ಹೋಗಣ" ಎಂದಳು. "ಇನ್ನೊಂದ್ಸಲ ಆ ಸನಿವಾರದ ಸಂಸಾರ ನನ್ನ ಕೈಲಾಗಕಿಲ್ಲ."

ಹೀಗೆ, ಜುಲೈ ಮೂರರೊಳಗೆ ಮನೆ ಮಾರಾಟವಾಗಬೇಕೆಂದು ಸೊಪ್ಪಿನ ಮೊರದ ಮುಂದೆ ತೀರ್ಮಾನವಾಯಿತು.

ಬ್ರೋಕರ್ ಮುನಿಕೃಷ್ಣಪ್ಪ ಬಂದರು. ಕಾಡಂಚಿನ ಸಾನಮಾವಿನ ಕಡೆಯವರು. ಅಲ್ಲಿ ರಾಗಿ ಹೊಲ, ಇಲ್ಲಿ ಮನೆ-ಸೈಟಿನ ವ್ಯವಹಾರ. ಪ್ಯಾಂಟಿನ ಜೇಬಿನಲ್ಲಿ ಎರಡು ಮೊಬೈಲು, ಬಾಯಿಯಲ್ಲಿ ಮೂರು ಭಾಷೆ. ಮನೆಯನ್ನು ಒಂದು ಸುತ್ತು ಹಾಕಿ, ಗೋಡೆಯ ಬಿರುಕನ್ನು ಉಗುರಿನಿಂದ ಕೆರೆದು, ನಲ್ಲಿ ತಿರುಗಿಸಿ, ಅದು ಕೆಮ್ಮಿದ್ದನ್ನು ಕೇಳಿ, ಕುರ್ಚಿಯಲ್ಲಿ ಕೂತರು.

"ಸಾರ್, ಮನೆ ಮಾರೋದು ಅಂದ್ರೆ ಹೆಣ್ ತೋರ್ಸಿದಂಗೆ. ಒಸಿ ಪೌಡರ್ ಹಾಕ್ಬೇಕು, ಒಸಿ ಮುಚ್ಚಾಕ್ಬೇಕು. ಇದ್ದಿದ್ದೆಲ್ಲಾ ಯಾರಾದ್ರೂ ಹೇಳ್ತಾರಾ?"

ಮದುವೆಯ ವಯಸ್ಸಿನ ಹುಡುಗಿ ನಾನು ಎದುರಿಗೇ ಕಾಫಿ ಲೋಟ ಹಿಡಿದು ನಿಂತಿದ್ದೆ. ಬಹಳ ಸಂತೋಷವಾಯಿತು. ಬಿ.ಕಾಂ. ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ನನಗೆ ಮನೆಯ ಜೊತೆಗೆ ನನ್ನ ಮುಂದಿನ ದಾರಿಯೂ ಒಂದೇ ಮಾತಿನಲ್ಲಿ ತಿಳಿದುಹೋಯಿತು.

ಪೌಡರಿನ ಕೆಲಸವನ್ನು ಅಪ್ಪ ಕೈಗೆತ್ತಿಕೊಂಡರು. ಆ ವರ್ಷಗಳಲ್ಲಿ ಹೊಸೂರಿನ ಕಾರ್ಖಾನೆಗಳಿಗೆಲ್ಲ ಜಪಾನಿನವರ ಶಿಸ್ತಿನ ಹುಚ್ಚು ಹಿಡಿದಿತ್ತು. ಬೇಕಾದ್ದನ್ನು ಜೋಡಿಸಬೇಕು, ಬೇಡದ್ದಕ್ಕೆ ಕೆಂಪು ಚೀಟಿ ಕಟ್ಟಿ ಹೊರಗೆ ಹಾಕಬೇಕು, ನೆಲದ ಮೇಲೆ ಹಳದಿ ಗೆರೆ ಎಳೆದು ಎಲ್ಲಿ ಏನಿರಬೇಕೋ ಅಲ್ಲಿ ಅದಿರಬೇಕು. ಪ್ರತಿಯೊಂದಕ್ಕೂ ರೆಕಾರ್ಡ್ ಇರಬೇಕು, ತಪಾಸಣೆಗೆ ಬಂದ ಆಡಿಟರ್ ಕೇಳಿದರೆ ಎರಡು ನಿಮಿಷದೊಳಗೆ ಎದುರಿಗಿಡಬೇಕು. ಆ ಎರಡು ನಿಮಿಷದ ವಿಷಯವನ್ನು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಬೇರೆ ಮನೆಗಳಲ್ಲಿ ಅಪ್ಪಂದಿರು ರಾಜನ ಕಥೆ ಹೇಳುತ್ತಾರಂತೆ. ನನಗೆ ಆಡಿಟರನ ಕಥೆ. ಬೇರೆ ಮಕ್ಕಳಿಗೆ ಗೋಲಿ, ನನಗೆ ಬೇರಿಂಗಿನ ಗುಂಡು. ಲೇತ್ ಮಿಷನ್ನಿನಿಂದ ಸುಲಿದು ಬಿದ್ದ ಕಬ್ಬಿಣದ ಸುರುಳಿಗಳನ್ನು ಅಪ್ಪ ಅಂಚು ಉಜ್ಜಿ ತಂದುಕೊಡುತ್ತಿದ್ದರು. ನನ್ನ ಗೊಂಬೆಗಳಿಗೆಲ್ಲ ಅದೇ ಗುಂಗುರು ಕೂದಲು.

ಒಂದು ಕಟ್ಟು ಕೆಂಪು ಚೀಟಿ ಮನೆಗೆ ಬಂತು. ಶನಿವಾರ ಮಧ್ಯಾಹ್ನ ಅಮ್ಮ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಇಪ್ಪತ್ಮೂರು ವಸ್ತುಗಳಿಗೆ ಚೀಟಿ ಬಿದ್ದಿತ್ತು. ಇಪ್ಪತ್ಮೂರರಲ್ಲಿ ಅಮ್ಮನವು ಇಪ್ಪತ್ತೊಂದು, ನನ್ನವು ಎರಡು, ಅಪ್ಪನದು ಸೊನ್ನೆ. ಒರಳು, ತಗಡಿನ ಟ್ರಂಕು, ಅಜ್ಜಿ ಕೊಟ್ಟ ಮುಕ್ಕಾದ ಜಾಡಿ, ಹಳೇ ಸೀರೆಯ ಕೌದಿ, ಎಲ್ಲದರ ಕುತ್ತಿಗೆಯಲ್ಲೂ ಮರಣದಂಡನೆ.

ಅಮ್ಮ ಚೀಲ ಕೆಳಗಿಟ್ಟು ಒಂದೊಂದನ್ನೇ ಓದಿದಳು. "ಯಾರ್ ಮಾಡಿದ್ದು ಇದು?"

"ಸಿಸ್ಟಮ್ಮು" ಎಂದರು ಅಪ್ಪ.

ಅಮ್ಮ ಮಿಕ್ಕಿದ್ದ ಚೀಟಿಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟಳು. "ಬರಿ. ವಸ್ತು, ಗಂಡ. ಒಂದು."

"ದೋಷ ಏನಂತ ಬರೀಲಮ್ಮಾ?"

"ಜಾಗ ಸಾಲಕಿಲ್ಲ, ಬುಡು."

ಅದನ್ನು ಅವಳು ಅಪ್ಪನ ಅಂಗಿಯ ಮೇಲಿನ ಗುಂಡಿಗೇ ಕಟ್ಟಿದಳು. ಅಪ್ಪ ಅದನ್ನು ಕಟ್ಟಿಕೊಂಡೇ ಹಾಲು ತರಲು ಹೋಗಿ ಬಂದರು. ಹಾಲಿನವನು ಯಾವುದೋ ಯೂನಿಯನ್ ಎಲೆಕ್ಷನ್ ಎಂದುಕೊಂಡನಂತೆ. ಕೊನೆಗೆ ಇಪ್ಪತ್ಮೂರರಲ್ಲಿ ಮನೆಯಿಂದ ಹೊರಗೆ ಹೋದದ್ದು ಎರಡು. ಎರಡೂ ನನ್ನವು.

ಹನ್ನೆರಡು ವರ್ಷ ನಾವಿದ್ದ ಮನೆಯನ್ನು ಯಾರೋ ಬಂದು ಹತ್ತು ನಿಮಿಷ ನೋಡಲೆಂದು ಎಷ್ಟು ಚೆನ್ನಾಗಿ ಮಾಡಿದೆವೆಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಒಂಬತ್ತು ವರ್ಷದಿಂದ ಸೋರುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಅಪ್ಪ ಒಂದು ವಾಷರ್ ಹಾಕಿ ಆರು ನಿಮಿಷದಲ್ಲಿ ನಿಲ್ಲಿಸಿದರು. ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ಅಮ್ಮ ಅದನ್ನು ನೋಡುತ್ತ ನಿಂತಿದ್ದಳು. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಬಚ್ಚಲುಮನೆಗೆ ಹೊಸ ಚಿಲಕ ಬಂತು. ಮೊದಲು ಅಲ್ಲಿ ಚಿಲಕವೆಂಬುದೇ ಇರಲಿಲ್ಲ, ಇದ್ದದ್ದು ಕೆಮ್ಮು. ಒಳಗಿರುವವರು ಹೆಜ್ಜೆ ಸದ್ದಾದರೆ ಕೆಮ್ಮಬೇಕು. ಅಪ್ಪನದು ಎರಡು ಗಟ್ಟಿ ಕೆಮ್ಮು, ಅಮ್ಮನದು ಒಂದು ಉದ್ದ, ನನ್ನದು ಮೂರು ಚಿಕ್ಕ. ಚಿಕ್ಕಂದಿನಲ್ಲಿ ನಿಜವಾಗಿ ನೆಗಡಿಯಾದಾಗ ಅರ್ಧ ದಿನ ಯಾರೂ ಬಚ್ಚಲಿನ ಹತ್ತಿರ ಸುಳಿದಿರಲಿಲ್ಲ. ಹಿತ್ತಾಳೆಯ ಚಿಲಕ ಬಂದ ಮೇಲೂ ನಾವು ಮೂವರೂ ಚಿಲಕ ಹಾಕಿಕೊಂಡು ಕೆಮ್ಮುತ್ತಿದ್ದೆವು.

ಇನ್ನು ಕ್ಯಾಲೆಂಡರು. ಅದು ಮುನಿಕೃಷ್ಣಪ್ಪನವರ ತಲೆ. "ಬಾಗ್ಲು ತೆಗೆದ ತಕ್ಷಣ ಪಾರ್ಟಿಗೆ ಇದು ನಮ್ಮೋರ್ ಮನೆ ಅನ್ನುಸ್ಬೇಕು ಸಾರ್." ಅದಕ್ಕಾಗಿ ಮೂರು ಕ್ಯಾಲೆಂಡರು. ತಮಿಳು ಪಾರ್ಟಿ ಬಂದರೆ ಮುರುಗನ್, ತೆಲುಗು ಪಾರ್ಟಿಗೆ ತಿರುಪತಿ ತಿಮ್ಮಪ್ಪ, ಕನ್ನಡದವರಿಗೆ ಮಂಜುನಾಥ. ಮೊಳೆ ಒಂದೇ. ಮುನಿಕೃಷ್ಣಪ್ಪ ಬೀದಿಯ ತುದಿಯಿಂದ ಮಿಸ್ಡ್ ಕಾಲ್ ಕೊಡಬೇಕು. ಒಂದು ಸಲ ಹೊಡೆದರೆ ತಮಿಳು, ಎರಡಾದರೆ ತೆಲುಗು, ಮೂರಾದರೆ ಕನ್ನಡ. ದೇವರನ್ನು ಬದಲಾಯಿಸುವ ಕೆಲಸ ನನಗೆ. ಪದವಿ ಓದಿದ್ದು ಸಾರ್ಥಕವಾಯಿತು.

ಆದರೆ ನಿಜವಾದ ಮುಚ್ಚುಮರೆ ಇದ್ದದ್ದು ನೀರಿನಲ್ಲಿ. ನಮ್ಮ ಬೋರು ಮಾರ್ಚಿನಿಂದ ಸೊರಗಿ, ಏಪ್ರಿಲ್-ಮೇ ತಿಂಗಳಲ್ಲಿ ಹತ್ತು ನಿಮಿಷ ನೀರು ಕೊಟ್ಟು ಆಮೇಲೆ ಬರೀ ಗಾಳಿ ಉಗುಳುತ್ತಿತ್ತು. ಜೂನ್ ಕಳೆಯುವವರೆಗೆ ಅದೇ ಪಾಡು. ಮುನಿಕೃಷ್ಣಪ್ಪ ಇದಕ್ಕೂ ಔಷಧಿ ಹೇಳಿದರು. ಭಾನುವಾರ ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ತರಿಸಿ ನೆಲದೊಳಗಿನ ಸಂಪು ತುಂಬಿಸಿಬಿಡುವುದು. ಪಾರ್ಟಿ ಒಳಗೆ ಕಾಲಿಡುವಾಗ ಹಿತ್ತಲ ನಲ್ಲಿ ಧಾರಾಳವಾಗಿ ಹರಿಯುತ್ತಿರಬೇಕು, ಅಮ್ಮ ತುಳಸಿಗೆ ಬಿಂದಿಗೆಗಟ್ಟಲೆ ಸುರಿಯುತ್ತಿರಬೇಕು. ವಾರವೆಲ್ಲ ಅಕ್ಕಿ ತೊಳೆದ ನೀರನ್ನೇ ಕುಡಿದು ಬದುಕಿದ್ದ ತುಳಸಿ ಆ ಎರಡು ತಿಂಗಳ ಭಾನುವಾರಗಳಲ್ಲಿ ಮುಳುಗಿ ಸಾಯುವುದರಲ್ಲಿತ್ತು.

"ನೀರ್ ಹೆಂಗೆ ಅಂತ ಕೇಳ್ತಾರೆ. ತೊಂದ್ರೆ ಇಲ್ಲ ಅನ್ನಿ ಸಾರ್. ಅಷ್ಟೇ. ಎರಡೇ ಮಾತು" ಎಂದರು ಮುನಿಕೃಷ್ಣಪ್ಪ.

ಎರಡೇ ಮಾತು. ಆದರೆ ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವುದಿಲ್ಲವೆಂದರೆ ಹೇಳುವುದಿಲ್ಲವೆಂದಲ್ಲ, ಹೇಳುವಾಗ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾರೆ. ಅಮ್ಮ "ಸಾರು ಹೆಂಗೈತೆ" ಎಂದಾಗ ಒರೆಸುತ್ತಾರೆ. ನಾನು ಹಾಡಿದ ಮೇಲೆ ಒರೆಸುತ್ತಾರೆ. ನಮಗಿಬ್ಬರಿಗೂ ಇದು ಎಷ್ಟು ರೂಢಿಯೆಂದರೆ ಅವರ ಬಾಯಿಯ ಮಾತಿಗಿಂತ ಕನ್ನಡಕದ ಕಡೆಗೇ ನಮ್ಮ ಗಮನ.

ಮೇ ಏಳರಿಂದ ಪಾರ್ಟಿಗಳು ಶುರುವಾದವು. ಜೂನ್ ಹನ್ನೊಂದರವರೆಗೆ ಆರು ಭಾನುವಾರ, ಹತ್ತು ಪಾರ್ಟಿ. ಮುರುಗನ್ ಆರು ಸಲ, ತಿಮ್ಮಪ್ಪ ಮೂರು ಸಲ. ಹತ್ತನೆಯವರು ಬಾಯಿಯನ್ನೇ ಬಿಡದಿದ್ದರಿಂದ ಯಾವ ದೇವರೂ ಇಲ್ಲದೆ ಮೊಳೆಯನ್ನೇ ತೋರಿಸಿದೆವು. ತಮಿಳಿನಲ್ಲಿ ತಣ್ಣಿ ಎಪ್ಪಡಿ, ತೆಲುಗಿನಲ್ಲಿ ನೀಳ್ಳು ಎಲಾ ಎಂದು ಭಾಷೆ ಬದಲಾದರೂ ಮೊದಲ ಪ್ರಶ್ನೆ ನೀರಿನದೇ. ಅಪ್ಪ ಕನ್ನಡಕ ಒರೆಸಿದ್ದು ಹತ್ತು ಸಲ. ಮಾತಾಡದ ಪಾರ್ಟಿ ಸುಮ್ಮನೆ ನಲ್ಲಿಯನ್ನು ದಿಟ್ಟಿಸಿದ್ದಕ್ಕೂ ಒರೆಸಿದರು.

ಬಂದವರ ಅಭಿಪ್ರಾಯಗಳನ್ನೂ ಬರೆದಿಟ್ಟಿದ್ದೇನೆ. ಅಡುಗೆಮನೆ ಚಿಕ್ಕದು, ಮೂವರು. ಬಾಗಿಲು ತಪ್ಪು ದಿಕ್ಕಿಗಿದೆ, ನಾಲ್ವರು. ನಾಲ್ವರೂ ಸರಿಯಾದ ದಿಕ್ಕೆಂದು ತೋರಿಸಿದ್ದು ನಾಲ್ಕು ದಿಕ್ಕು. ಒಬ್ಬ ಹೆಂಗಸು ಬಚ್ಚಲಿನ ಬಾಗಿಲು ತೆಗೆಯಲು ಹೋದಾಗ ಅಮ್ಮ ರೂಢಿಯಿಂದ ಹೊರಗಿನಿಂದಲೇ ಉದ್ದಕ್ಕೆ ಕೆಮ್ಮಿದಳು. ಅವರು ಸೆರಗು ಮೂಗಿಗೆ ಹಿಡಿದು ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ಮುನಿಕೃಷ್ಣಪ್ಪನವರನ್ನು ವಿಚಾರಿಸಿ ಹೊರಟುಹೋದರು.

"ನಮ್ ಹೊಲುಕ್ಕೆ ಆನೆಗಳು ಕರೀದೆ ಬತ್ತವೆ ಅಕ್ಕಾ" ಎಂದು ಮುನಿಕೃಷ್ಣಪ್ಪ ಅಮ್ಮನ ಹತ್ತಿರ ನೊಂದುಕೊಂಡರು. "ಈ ಮನೆಗೆ ಬಂದೋರ್ನ ಹಿಡ್ದು ಕಟ್ಟಿದ್ರೂ ನಿಲ್ಲಕಿಲ್ಲ."

ಅಮ್ಮ ನಗಲಿಲ್ಲ. ಆ ವಾರ ಅವಳು ಅಪ್ಪನ ಬಟ್ಟೆಗಳನ್ನು ಎರಡು ಸಲ ಸೂಟ್‌ಕೇಸಿಗೆ ತುಂಬಿ ಎರಡು ಸಲವೂ ತೆಗೆದಿಟ್ಟಳು. ಇದೂ ನನ್ನ ಡೈರಿಯಲ್ಲಿದೆ.

ಜೂನ್ ಹದಿನೆಂಟು, ಭಾನುವಾರ. ಮೊಬೈಲು ಮೂರು ಸಲ ಹೊಡೆಯಿತು. ಮಂಜುನಾಥನಿಗೆ ಮೊದಲ ಅವಕಾಶ.

ಬಂದವರು ರಂಗಸ್ವಾಮಿ, ಅವರ ಹೆಂಡತಿ ಪದ್ಮಮ್ಮ. ಮಂಡ್ಯದ ಕಡೆಯವರು. ರಂಗಸ್ವಾಮಿ ಬೇರೆ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫೋರ್‌ಮನ್, ಅಂದರೆ ಕೆಟ್ಟ ಮಿಷನ್ನುಗಳ ಡಾಕ್ಟರು. ಪದ್ಮಮ್ಮ ಗೋಡೆ ನೋಡಲಿಲ್ಲ, ದಿಕ್ಕು ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ ಹರಿಯುತ್ತಿದ್ದ ನಲ್ಲಿಯನ್ನು ನೋಡಿ, ಅದನ್ನು ತಾವೇ ನಿಲ್ಲಿಸಿ ಒಳಗೆ ಬಂದರು.

"ನೀರ್ ಹೆಂಗಣ್ಣಾ?"

ಅಪ್ಪ ಕನ್ನಡಕ ತೆಗೆದರು. "ತೊಂದ್ರೆ ಇಲ್ಲಮ್ಮ."

"ಏಳ್ ಮನೆ ನೋಡಿದ್ವಿ. ಏಳ್ ಮನೆಯೋರೂ ಇದೇ ಅಂದ್ರು."

ರಂಗಸ್ವಾಮಿ ನಕ್ಕರು. "ಇನ್ನೇನಂತಾರೆ ಬುಡೆ. ಒಂದ್ ಮಿಷನ್ ತಗಂಡ್ರೆ ಯಾವತ್ತು ಕೆಡ್ತು, ಯಾವತ್ತು ರಿಪೇರಿ ಆಯ್ತು ಅಂತ ಹಿಸ್ಟರಿ ಕಾರ್ಡ್ ಕೊಡ್ತಾರೆ. ಮನೆಗೆ ಯಾರ್ ಮಡಗಿರ್ತಾರೆ ರೆಕಾರ್ಡು? ಅಲ್ವಾ ಸಾರ್?"

ಪಂಚೆಯ ಅಂಚು ಗಾಜಿನ ಮೇಲೆ ನಿಂತಿತು. ಇಪ್ಪತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಅಪ್ಪನನ್ನು ಯಾರೂ ರೆಕಾರ್ಡಿಲ್ಲವೆಂದು ಅಂದಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡರು.

"ಐತೆ" ಎಂದರು.

"ಏನೈತೆ?"

"ರೆಕಾರ್ಡು. ಶೈಲು, ನೀರಿನ ರೆಕಾರ್ಡ್ ತತ್ತಾ" ಎಂದು ನನ್ನ ಕಡೆ ತಿರುಗಿದರು.

ಮುನಿಕೃಷ್ಣಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಸಾರ್, ಏನೋ ಹುಡ್ಗಿ ಸುಮ್ಕೆ ಗೀಚಿರ್ತದೆ, ಅದೆಲ್ಲ ಯಾಕ್ ಸಾರ್ ಈಗ..."

ಅಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದರು. ಎರಡು ನಿಮಿಷ. ನನಗೆ ಬೇರೆ ದಾರಿ ತೋಚಲಿಲ್ಲ. ಆ ವರ್ಷದ ಡೈರಿ ತಂದು, ಮುಂದಿನ ಪುಟಗಳನ್ನು ಒಟ್ಟಾಗಿ ಹೆಬ್ಬೆರಳಲ್ಲಿ ಅದುಮಿ ಹಿಡಿದು, ಹಿಂದಿನ ಪುಟವೊಂದನ್ನೇ ತೋರಿಸಿದೆ. ನೀರು ಬಂದ ದಿನಕ್ಕೆ ಸೊನ್ನೆ, ಬಾರದ ದಿನಕ್ಕೆ ಗುಣಾಕಾರದ ಗುರುತು, ಟ್ಯಾಂಕರಿಗೆ 'ಟ್ಯಾ'. ರಂಗಸ್ವಾಮಿ ಪುಸ್ತಕವನ್ನು ನನ್ನ ಹೆಬ್ಬೆರಳ ಸಮೇತ ತಮ್ಮ ಕಡೆಗೆ ಎಳೆದುಕೊಂಡರು.

"ಏಪ್ರಿಲ್‌ನಾಗೆ ಹತ್ತೊಂಬತ್ ದಿನ ಇಲ್ಲ."

ರಂಗಸ್ವಾಮಿಯವರ ಬೆರಳು ಮುಂದಿನ ತಿಂಗಳಿಗೆ ಇಳಿಯಿತು.

"ಮೇ ಏಳು, ಟ್ಯಾ. ಹದಿನಾಲ್ಕು, ಟ್ಯಾ. ಇಪ್ಪತ್ತೊಂದು, ಟ್ಯಾ. ಇದೇನ್ ಸಾರ್, ಬರೀ ಭಾನ್ವಾರ?" ಎಂದವರು ಹಿತ್ತಲ ನಲ್ಲಿಯ ಕಡೆ ನೋಡಿದರು. ಆಮೇಲೆ ಗೋಡೆಯ ಮಂಜುನಾಥನನ್ನೂ ಯಾಕೋ ಒಂದು ಸಲ ನೋಡಿದರು.

ಮುನಿಕೃಷ್ಣಪ್ಪ ಜೇಬಿನ ಎರಡೂ ಮೊಬೈಲುಗಳನ್ನು ತೆಗೆದು, ಎರಡರಲ್ಲೂ ಯಾರೂ ಕರೆದಿಲ್ಲವೆಂದು ಖಚಿತಪಡಿಸಿಕೊಂಡು, ಮತ್ತೆ ಇಟ್ಟುಕೊಂಡರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತುತ್ತಿದ್ದಳು. ಜುಲೈ ಮೂರಕ್ಕೆ ಹದಿನೈದು ದಿನ ಉಳಿದಿತ್ತು. ನನ್ನ ಅಚ್ಚುಕಟ್ಟಾದ ಅಕ್ಷರವೇ ಅವಳನ್ನು ಮತ್ತೆ ಶನಿವಾರಕ್ಕೆ ತಳ್ಳಿತೆಂದು ನನಗೆ ಖಾತ್ರಿಯಾಯಿತು.

ಪದ್ಮಮ್ಮ ಕೈಚಾಚಿದರು. "ಇಲ್ಲಿ ಕೊಡಿ. ಹೋದ್ ವರ್ಸದ್ದು ಐತಾ ಮಗಾ?"

ಇತ್ತು. ಅದರ ಹಿಂದಿನದೂ ಇತ್ತು. ಏಳೂ ವರ್ಷದ್ದು ತಂದೆ. ಅವರು ನೆಲದ ಮೇಲೆ ಕೂತು ಏಳನ್ನೂ ಸಾಲಾಗಿ ಹರಡಿಕೊಂಡು, ಕಾಳು ಆರಿಸುವವರಂತೆ ಬೆರಳಾಡಿಸಿದರು. ಕಾಲು ಗಂಟೆ ಹಿಡಿಯಿತು. ಒಂದು ಸಲ ಮಾತ್ರ, "ಈ ಸೊನ್ನೆ ಪಕ್ಕ ಸಣ್ ಚುಕ್ಕಿ ಐತಲ್ಲ, ಅದೇನವ್ವಾ?" ಎಂದು ಕೇಳಿದರು.

"ಅದು ನೀರಿಂದಲ್ಲ, ಸುಮ್ನೆ" ಎಂದೆ.

ಅವರು ಗಂಡನ ಕಡೆ ತಿರುಗಿದರು. "ನೋಡಿ, ಮಾರ್ಚಿಂದ ಜೂನ್‌ಗಂಟ ಕಷ್ಟ. ಆಗಸ್ಟ್ ಬಂದ್ರೆ ಫೆಬ್ರವರಿಗಂಟ ಯೋಚ್ನೆ ಇಲ್ಲ. ಏಳ್ ವರ್ಸವೂ ಹಂಗೇ ಐತೆ. ಇದ್ನ ಹೇಳಿದ್ರೆ ಸಾಕಿತ್ತು. ಯಾವಾಗ್ ಇರಕಿಲ್ಲ ಅಂತ ಗೊತ್ತಿದ್ರೆ ನಾನ್ ಸಂಸಾರ ಮಾಡ್ತೀನಿ. ತೊಂದ್ರೆ ಇಲ್ಲ ಅಂದೋರ್ ಮನೇಲಿ ಎಂಗ್ ಮಾಡ್ಲಿ?"

ಬೆಲೆ ಸ್ವಲ್ಪ ಇಳಿಯಿತು. ಮುನಿಕೃಷ್ಣಪ್ಪನವರ ಮುಖ ಅದಕ್ಕಿಂತ ಹೆಚ್ಚು ಇಳಿಯಿತು. ಆದರೆ ಮಾತು ಮುಗಿಯಿತು. ರಂಗಸ್ವಾಮಿ ಏಳುವಾಗ ಒಂದು ಷರತ್ತು ಹಾಕಿದರು. ಮಿಷನ್ ಹೋದ ಕಡೆ ಅದರ ಹಿಸ್ಟರಿ ಕಾರ್ಡೂ ಹೋಗಬೇಕು. ಡೈರಿಗಳು ಮನೆಯ ಜೊತೆಗೇ ಬರಬೇಕು.

ಅವರು ಹೋದ ಮೇಲೆ ನಾನು ಏಳನ್ನೂ ಎದೆಗವಚಿಕೊಂಡು, ಕೊಡುವುದಿಲ್ಲವೆಂದೆ.

"ನೀರಿನ್ ಪುಸ್ತಕ ಕೊಡಕೆ ನಿಂಗೇನೆ?" ಎಂದಳು ಅಮ್ಮ.

"ಅದ್ರಲ್ಲಿ ಬರೀ ನೀರಿಲ್ಲಮ್ಮ. ನಿನ್ ಸಾರಿನ್ ವಿಷ್ಯನೂ ಐತೆ."

ಅಮ್ಮ ಒಂದು ಕ್ಷಣ ಯೋಚಿಸಿದಳು. "ಹಂಗಾದ್ರೆ ಕೊಡ್ಬ್ಯಾಡ. ನಕಲು ಮಾಡ್ಕೊಡು."

ಅಪ್ಪ ಒಪ್ಪಲಿಲ್ಲ. ಮೂಲ ದಾಖಲೆಯನ್ನು ತಿದ್ದುವುದು, ಬೇಕಾದ್ದನ್ನಷ್ಟೇ ಎತ್ತಿ ಬರೆಯುವುದು ಅವರ ಕೆಲಸದಲ್ಲಿ ನೌಕರಿ ಹೋಗುವ ಅಪರಾಧ. "ಟ್ಯಾಂಕರ್ ನೀರು ತೋರ್ಸಿದ್ದು ಯಾವ ಅಪ್ರಾಧಾನೋ" ಎಂದಳು ಅಮ್ಮ. ಅಪ್ಪ ಕೊನೆಗೆ ಒಂದು ದಾರಿ ಹೇಳಿದರು. ನಾನು ನಕಲು ಮಾಡಬೇಕು, ಪ್ರತಿ ಪುಟವನ್ನೂ ಅವರು ಮೂಲದೊಂದಿಗೆ ಹೋಲಿಸಿ ಸಹಿ ಹಾಕಬೇಕು.

ಇನ್ನೂರು ಪುಟದ ನೋಟ್‌ಬುಕ್ಕು ತಂದು ನಾಲ್ಕು ದಿನ ಕೂತೆ. ಎರಡು ತಿಂಗಳು ಅಪ್ಪ-ಅಮ್ಮನ ಪೌಡರ್ ಕೆಲಸವನ್ನು ನೋಡಿ ಮೂಗು ಮುರಿದವಳು ನಾನು. ಈಗ ನನ್ನ ಏಳು ವರ್ಷವನ್ನು ಬೇರೆಯವರು ನೋಡಲು ತಯಾರು ಮಾಡುವ ಹೊತ್ತು ಬಂದಿತ್ತು. ಕೋಳಿಯನ್ನು ಕೈಬಿಟ್ಟೆ. ಗಣಿತದಲ್ಲಿ ಫೇಲಾಗಿ ಅಮ್ಮನಿಗೆ ಹೇಳದ ಒಂಬತ್ತು ದಿನಗಳನ್ನು ಕೈಬಿಟ್ಟೆ. ಹನ್ನೆರಡನೇ ತರಗತಿಯಲ್ಲಿ ಐದು ನಂಬರಿನ ಬಸ್ಸಿನಲ್ಲಿ ದಿನಾ ಕಿಟಕಿಯ ಪಕ್ಕ ಕೂರುತ್ತಿದ್ದ ಒಬ್ಬರ ಹಾಜರಿ ಪಟ್ಟಿಯನ್ನಂತೂ ಕಣ್ಣು ಮುಚ್ಚಿಕೊಂಡೇ ದಾಟಿದೆ. ಒಂದೆರಡು ಕಡೆ ಸೊನ್ನೆ ಸೊಟ್ಟಗಿದ್ದದ್ದನ್ನು ದುಂಡಗೆ ಮಾಡಿದೆ. ಮುನಿಕೃಷ್ಣಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಏಳು ವರ್ಷದ ಬದುಕಿಗೆ ಸುಣ್ಣ ಬಳಿದು, ಬರೀ ನೀರು ಮಾತ್ರ ಹರಿಯುವಂತೆ ಇಟ್ಟೆ.

ನಾಲ್ಕನೆಯ ದಿನ ಸಂಜೆ ಅಪ್ಪ ಹಾಲಿನಲ್ಲಿ ಕೂತು ತಪಾಸಣೆ ಶುರು ಮಾಡಿದರು. ಎಡಗೈಯ ಬೆರಳು ಮೂಲದ ಮೇಲೆ, ಬಲಗೈಯ ಪೆನ್ನು ನಕಲಿನ ಮೇಲೆ. ಮೂರನೆಯ ಪುಟಕ್ಕೆ ನಿಂತರು.

"ಶೈಲು, ಇಲ್ಲಿ ಚುಕ್ಕಿ ಐತಲ್ಲ. ಏನಿದು? ವಿವರ ಬರ್ದಿಲ್ಲ."

ನೋಡಿದರೆ ನಕಲು ಮಾಡುವ ಭರದಲ್ಲಿ ಚುಕ್ಕಿಗಳನ್ನೂ ಇಳಿಸಿಬಿಟ್ಟಿದ್ದೆ. ಬಸ್ಸಿನವರನ್ನು ಬಿಡಲು ನೆನಪಿತ್ತು, ಚುಕ್ಕಿ ಬಿಡಲು ಮರೆತಿದ್ದೆ. ಕೈ ತನ್ನಷ್ಟಕ್ಕೇ ಬರೆದಿತ್ತು.

"ಅದ್ ಬೇಕಾಗಿಲ್ಲಪ್ಪ. ಹೊಡ್ದಾಕ್ತೀನಿ."

"ರೆಕಾರ್ಡ್‌ನಾಗೆ ಹೊಡ್ದಾಕಂಗಿಲ್ಲ. ಏನಂತ ಹೇಳು."

ಹೇಳಲೇಬೇಕಾಯಿತು. ಅಪ್ಪನಿಗೆ ವಾರಕ್ಕೊಂದು ಶಿಫ್ಟು. ಒಂದು ವಾರ ಮಧ್ಯಾಹ್ನ ಹೋದರೆ ನಾನು ಮಲಗಿದ ಮೇಲೆ ಬರುತ್ತಿದ್ದರು, ಇನ್ನೊಂದು ವಾರ ನಾವು ಊಟಕ್ಕೆ ಕೂರುವ ಹೊತ್ತಿಗೆ ಕ್ಯಾರಿಯರ್ ಹಿಡಿದು ಹೊರಡುತ್ತಿದ್ದರು. ಆಮೇಲೆ ಓವರ್‌ಟೈಮು. ಒಂಬತ್ತನೇ ತರಗತಿಯಲ್ಲಿ ಡೈರಿ ಕೈಗೆ ಬಂದ ಮೊದಲ ದಿನವೇ ನಾನು ಶುರು ಮಾಡಿದ ಲೆಕ್ಕ ಅದು. ನೀರಿನದು ಆಮೇಲೆ ಅದರ ಪಕ್ಕ ಸೇರಿಕೊಂಡದ್ದು.

"ಮೂರ್ಜನ ಒಟ್ಗೆ ಕೂತು ರಾತ್ರಿ ಊಟ ಮಾಡಿದ್ ದಿನ" ಎಂದೆ.

ಅಪ್ಪ ಮತ್ತೆ ಪುಟ ನೋಡಿದರು. ಬೆರಳು ಏಪ್ರಿಲ್ ಉದ್ದಕ್ಕೂ ಇಳಿಯಿತು. ಮೇ. ಜೂನ್. ನೀರಿಗಿಂತ ಚುಕ್ಕಿಗೇ ಬರ ಹೆಚ್ಚಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಅಮ್ಮ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ನಾನು ಕಾದೆ. ಒರೆಸಿ ಮುಗಿಸಿದರೂ ಅವರು ಏನೂ ಹೇಳಲಿಲ್ಲ. ಹೇಳಲು ಯಾವ ಸುಳ್ಳೂ ಇಲ್ಲದೆ ಅವರು ಕನ್ನಡಕ ಒರೆಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಪುಟದ ಕೆಳಗೆ ಸಹಿ ಹಾಕಿದರು. ಚುಕ್ಕಿಯ ವಿವರವನ್ನು ತಾವೇ ಅಂಚಿನಲ್ಲಿ ಬರೆದರು. ಅದು ಹಾಗೆಯೇ ಪದ್ಮಮ್ಮನವರ ಮನೆ ಸೇರಿದೆ.

ಜುಲೈ ಎರಡರಂದು ಮೂವರೂ ಒಂದೇ ಲಾರಿಯಲ್ಲಿ ಹೊರಟೆವು. ಧಾರವಾಡದಲ್ಲಿ ನಾವು ಹಿಡಿದ ಮನೆಯ ಯಜಮಾನರು ತುಂಬ ಗೌರವಸ್ಥರು. ಹಾಲಿನಲ್ಲಿ ಒಳ್ಳೆಯ ಕ್ಯಾಲೆಂಡರು, ಹಿತ್ತಲಲ್ಲಿ ನಲ್ಲಿ ಧಾರಾಳವಾಗಿ ಹರಿಯುತ್ತಿತ್ತು. "ನೀರಿಂದು ಏನೂ ತ್ರಾಸ ಇಲ್ರೀ" ಎಂದರು. ಎರಡು ತಿಂಗಳು ಅದೇ ವಿದ್ಯೆ ಕಲಿತು ಬಂದಿದ್ದ ನಾವು ಮೂವರೂ ತಲೆಯಾಡಿಸಿ ನಂಬಿದೆವು. ಅಪ್ಪನಿಗೆ ರೆಕಾರ್ಡ್ ಕೇಳಲು ನೆನಪಾಗಲಿಲ್ಲ. ಆ ಯಜಮಾನರು ಕನ್ನಡಕ ಹಾಕುವವರೂ ಅಲ್ಲ.

ಅಲ್ಲಿ ಅಪ್ಪನಿಗೆ ಹಗಲು ಶಿಫ್ಟೊಂದೇ. ಹೊಸ ಮನೆಯ ಮೊದಲ ಪೂರ್ತಿ ತಿಂಗಳು ಆಗಸ್ಟ್. ಡೈರಿ ತೆಗೆದು ನೋಡಿದೆ. ಸೊನ್ನೆ ನಾಲ್ಕು, ಗುಣಾಕಾರ ಇಪ್ಪತ್ತೇಳು. ಚುಕ್ಕಿ ಮೂವತ್ತು. ಆ ತಿಂಗಳಿಗೆ ಮೂವತ್ತೊಂದು ದಿನ. ತಪ್ಪಿದ ಒಂದು ದಿನ ಆಗಸ್ಟ್ ಹದಿಮೂರು, ಭಾನುವಾರ. ಮೂವರೂ ಮನೆಯಲ್ಲೇ ಇದ್ದೆವು. ಅಂದು ಬೆಳಿಗ್ಗೆ ಅಪ್ಪ ಅಡುಗೆಮನೆ ಜೋಡಿಸುತ್ತೇನೆಂದು ಹೋಗಿ, ಚೀಟಿಯ ತೀರ್ಮಾನ ಇನ್ನೂ ಜಾರಿಯಾಗಿಲ್ಲವೆಂದು ಕಂಡು, ಜಾಡಿಯನ್ನು ಹಿತ್ತಲಿನ ಕಸದ ಪಕ್ಕ ಇಟ್ಟಿದ್ದರು. ಅಮ್ಮ ಅದನ್ನು ಒಳಗೆ ತಂದು, ತೊಳೆದು, ರಾತ್ರಿ ತಟ್ಟೆ ಹಿಡಿದು ಅದರ ಜೊತೆಗೇ ಅಡುಗೆಮನೆಯಲ್ಲಿ ಕೂತು ಊಟ ಮಾಡಿದಳು.